ಬೇಸಿಗೆ ರಜೆಯಲ್ಲಿ ಚಿಕ್ಕ ಮಕ್ಕಳ ಮಧ್ಯಾಹ್ನದ ಊಟ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಮಾರ್ಚ್ 2025ರಲ್ಲಿ ಏರ್ಪಡಿಸಿದ್ದ ತಾಲ್ಲೂಕು ಮಟ್ಟದ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ)



ಇಂದಿನ ವಿಷಯಪಟ್ಟಿಯಲ್ಲಿ ಕುಡಿಯುವ ನೀರು, ತೆರಿಗೆ ವಸೂಲಾತಿ, ನರೇಗಾ ಕ್ರಿಯಾಯೋಜನೆ ಇವುಗಳ ನಡುವೆ ಮಕ್ಕಳ ಮಧ್ಯಾಹ್ನದ ಊಟ ಎಂಬ ವಿಷಯವನ್ನು ಕಂಡು ಹಿಂದಿನ ಸಾಲಿನಲ್ಲಿ ಕೆಲವರು ಮುಗುಳ್ನಕ್ಕುದನ್ನು ನಾನು ಗಮನಿಸಿದೆ. ಅದು ಸಹಜವೇ. ಅಡುಗೆ ಮನೆಯ ಮಾತು ಸಭಾಭವನಕ್ಕೆ ಬಂದರೆ ನಗು ಬರುತ್ತದೆ. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್; ಅಡುಗೆಯ ಕುರಿತು ಮಾತನಾಡುವ ಅರ್ಹತೆ ನನಗೆ ಪ್ರಮಾಣಪತ್ರದಿಂದ ಬಂದುದಲ್ಲ, ಒಂದು ತಪ್ಪಿನಿಂದ ಬಂದುದು. ಆ ತಪ್ಪನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ.

2023ರ ಮೇ ತಿಂಗಳಲ್ಲಿ ನಾನು ಕಾರ್ಯನಿರ್ವಹಿಸುತ್ತಿದ್ದ ಪಂಚಾಯತಿಯ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಿದೆವು. ಕಥೆ ಓದುವುದು, ಚಿತ್ರ ಬರೆಯುವುದು, ಗಣಿತದ ಆಟ, ಊರಿನ ನಕ್ಷೆ ತಯಾರಿಸುವುದು, ಎಲ್ಲಕ್ಕೂ ಗಂಟೆ ನಿಮಿಷ ಸಹಿತ ವೇಳಾಪಟ್ಟಿಯನ್ನು ನಾನೇ ಸಿದ್ಧಪಡಿಸಿದ್ದೆ. ಶಿಬಿರ ಬೆಳಿಗ್ಗೆ 9ಕ್ಕೆ ಆರಂಭ, ಮಧ್ಯಾಹ್ನ 2ಕ್ಕೆ ಮುಕ್ತಾಯ. ಆ ಪಟ್ಟಿಯಲ್ಲಿ ಊಟಕ್ಕೆ ಒಂದು ಗೆರೆಯೂ ಇರಲಿಲ್ಲ. ಮಕ್ಕಳು ಮನೆಯಿಂದ ಡಬ್ಬಿ ತರುತ್ತಾರೆ, ಹಸಿದಾಗ ಉಣ್ಣುತ್ತಾರೆ ಎಂದು ಭಾವಿಸಿದ್ದೆ. ನಾಲ್ಕನೆಯ ದಿನ ಏಳು ವರ್ಷದ ಬಾಲಕನೊಬ್ಬ ಶಿಬಿರ ಮುಗಿದು ಮನೆಗೆ ಹೋದವನು ಮೂರು ಗಂಟೆಯ ಹೊತ್ತಿಗೆ ಒಂದೇ ಸಮನೆ ವಾಂತಿ ಮಾಡತೊಡಗಿದ. ಮನೆಯಲ್ಲಿ ಅಜ್ಜಿಯೊಬ್ಬರೇ. ನೆರೆಯವರು ನನಗೆ ಫೋನ್ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು; ಸಂಜೆಯ ಹೊತ್ತಿಗೆ ಚೇತರಿಸಿಕೊಂಡ. ವೈದ್ಯರು ಕೇಳಿದ ಮೊದಲ ಪ್ರಶ್ನೆ, ಏನು ಉಂಡಿದ್ದ ಎಂಬುದು. ಆಲೂಗಡ್ಡೆ ಹಾಕಿದ ಪಲಾವ್. ಬೆಳಿಗ್ಗೆ ಐದೂವರೆಗೆ ಬಿಸಿಬಿಸಿಯಾಗಿಯೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದ್ದು. ಅವನು ಉಂಡದ್ದು ಒಂದೂವರೆಗೆ.

ಅವನ ತಾಯಿ ನರೇಗಾ ಕಾಮಗಾರಿಯಿಂದ ನೇರವಾಗಿ ಆಸ್ಪತ್ರೆಗೆ ಓಡಿ ಬಂದರು. “ಸೂಟಿ ಐತಿ, ಮಗ ಚಲೋ ಉಣ್ಲಿ ಅಂತ ನಸುಕಿನ್ಯಾಗ ಎದ್ದು ಮಾಡೀನ್ರಿ ಸರ” ಎಂದರು. ಅವರು ಮಾಡಿದ್ದು ತಮ್ಮ ಮಟ್ಟಿಗೆ ಶ್ರೇಷ್ಠವಾದ ಅಡುಗೆ. ಮರುದಿನದಿಂದ ಆರು ದಿನ ಅವರು ಕೆಲಸಕ್ಕೆ ಬರಲಿಲ್ಲ. ಆ ವರ್ಷ ದಿನಗೂಲಿ 316 ರೂಪಾಯಿ. ಆರು ದಿನಕ್ಕೆ 1,896 ರೂಪಾಯಿ ಆ ಮನೆಗೆ ಖೋತಾ ಆಯಿತು. ನನ್ನ ವೇಳಾಪಟ್ಟಿಯಲ್ಲಿ ಹನ್ನೊಂದು ಗಂಟೆಗೆ ಊಟ ಎಂಬ ಒಂದು ಸಾಲಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ.

ಈಗ ಈ ವರ್ಷದ ಮಾತು. ಕಳೆದ ವರ್ಷ, ಅಂದರೆ 2024ರ ಬೇಸಿಗೆಯಲ್ಲಿ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಆ ಕಾರಣದಿಂದ ರಜೆಯಲ್ಲಿಯೂ ಶಾಲೆಗಳಲ್ಲಿ ಬಿಸಿಯೂಟ ನಡೆಯಿತು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಮಧ್ಯಾಹ್ನದ ಊಟ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲ್‌ನಲ್ಲಿಯೇ ಆದೇಶಿಸಿದೆ. ಕಳೆದ ಮುಂಗಾರಿನಲ್ಲಿ ದೇವರ ದಯೆಯಿಂದ ಮಳೆ ಚೆನ್ನಾಯಿತು. ಕೆರೆ ತುಂಬಿತು, ಬೆಳೆ ಬಂತು, ಬರದ ಘೋಷಣೆ ಇಲ್ಲ. ಆದುದರಿಂದ ಏಪ್ರಿಲ್ 11ರಿಂದ ಮೇ 28ರವರೆಗೆ, ಒಟ್ಟು 48 ದಿನ, ಶಾಲೆಯ ಅಡುಗೆ ಕೋಣೆಗೆ ಬೀಗ. ಮಳೆ ಬಂದ ವರ್ಷ ಹೊಲಕ್ಕೆ ಲಾಭ. ಮಗುವಿನ ತಟ್ಟೆಗೆ ಮಾತ್ರ ಅದೇ ವರ್ಷ ನಷ್ಟ. ಈ ವಿರೋಧಾಭಾಸವನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲ. ಆದರೆ ಅದು ಇದೆ.

ಬಿಸಿಯೂಟ ನಿಂತರೆ ನಿಲ್ಲುವುದು ಏನೇನು ಎಂಬುದನ್ನು ಅಂಕಿಗಳಲ್ಲಿ ನೋಡೋಣ. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನವೂ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ನಿಗದಿತ ಪ್ರಮಾಣ. ಇದರಿಂದ 450 ಕಿಲೋ ಕ್ಯಾಲೊರಿ ಶಕ್ತಿಯೂ 12 ಗ್ರಾಂ ಪ್ರೋಟೀನೂ ದೊರೆಯಬೇಕು. ಇದರ ಜೊತೆಗೆ 2013ರಿಂದ ಬರುತ್ತಿರುವ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು. ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಇವೆಲ್ಲವೂ ಒಂದೇ ದಿನ ನಿಲ್ಲುತ್ತವೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದುದೇ ಈಶಾನ್ಯ ಕರ್ನಾಟಕದ ನಮ್ಮ ಏಳು ಜಿಲ್ಲೆಗಳಲ್ಲಿ. ನಮಗೆ ಅದರ ಅಗತ್ಯ ಹೆಚ್ಚಿತ್ತು ಎಂಬುದೇ ಕಾರಣ. ಆಗ ಊಟ ಐದನೆಯ ತರಗತಿಯವರೆಗೆ ಮಾತ್ರ. ನಾನು ಏಳನೆಯ ತರಗತಿಯಲ್ಲಿದ್ದೆ, ನನ್ನ ತಂಗಿ ಮೂರನೆಯದರಲ್ಲಿ. ಅವಳು ಉಂಡು ಬಂದು ನನ್ನೆದುರು ತೇಗುತ್ತಿದ್ದುದು ಈಗಲೂ ನೆನಪಿದೆ. ಇದು ವಿಷಯಾಂತರ, ಕ್ಷಮಿಸಿ.

ರಜೆಯಲ್ಲಿ ಮನೆಯ ಪರಿಸ್ಥಿತಿ ಹೇಗಿರುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಉದ್ಯೋಗ ಖಾತ್ರಿಯ ಕೂಲಿಕಾರರು ಬಿಸಿಲೇರುವ ಮೊದಲೇ ಕೆಲಸ ಮುಗಿಸಲೆಂದು ಇನ್ನೂ ಮೊದಲೇ ಹೊರಡುತ್ತಾರೆ. ತಾಯಿ ಮನೆ ಬಿಡುವುದು ಆರು, ಆರೂವರೆಗೆ; ಮರಳುವುದು ಒಂದರಿಂದ ಎರಡರೊಳಗೆ. ಗುಳೆ ಹೋದ ಮನೆಗಳಲ್ಲಿ ತಂದೆ ತಾಯಿ ಇಬ್ಬರೂ ಇರುವುದಿಲ್ಲ, ಮಕ್ಕಳು ಅಜ್ಜ ಅಜ್ಜಿಯರ ಬಳಿ. ಒಂಬತ್ತು ವರ್ಷದ ಅಕ್ಕ ನಾಲ್ಕು ವರ್ಷದ ತಮ್ಮನಿಗೆ ಉಣಿಸುವ ಮನೆಗಳು ಪ್ರತಿ ವಾರ್ಡಿನಲ್ಲಿಯೂ ಇವೆ. ಆ ಅಕ್ಕ ಮಾಡುವುದು ಎರಡರಲ್ಲಿ ಒಂದು: ಗ್ಯಾಸ್ ಹಚ್ಚಿ ನೂಡಲ್ಸ್ ಕುದಿಸುತ್ತಾಳೆ, ಇಲ್ಲವೇ ಅಂಗಡಿಗೆ ಹೋಗಿ ಐದು ರೂಪಾಯಿಯ ಎರಡು ಚಿಪ್ಸ್ ಪೊಟ್ಟಣ ತರುತ್ತಾಳೆ. ಶಿಬಿರದ ಮೊದಲ ದಿನ ಮಕ್ಕಳ ಚೀಲಗಳಲ್ಲಿ ನಾನು ಕಂಡದ್ದು ಡಬ್ಬಿಗಳಿಗಿಂತ ಹೆಚ್ಚಾಗಿ ಇಂಥ ಪೊಟ್ಟಣಗಳನ್ನು. ನಮ್ಮ ಮಕ್ಕಳ ಗ್ರಾಮಸಭೆಯಲ್ಲಿ ಬಾಲಕಿಯೊಬ್ಬಳು ಎದ್ದು ನಿಂತು, “ಸಾಲಿ ಇದ್ದಾಗ ಸರ್ಕಾರ ಊಟ ಕೊಡ್ತೈತಿ, ಸೂಟಿಯಾಗ ಯಾರು ಕೊಡ್ತಾರ್ರಿ?” ಎಂದು ಕೇಳಿದ್ದಳು. ನಡಾವಳಿಯಲ್ಲಿ ಅದನ್ನು ದಾಖಲಿಸಿದ್ದೇವೆ. ಉತ್ತರದ ಕಲಂ ಇಂದಿಗೂ ಖಾಲಿ ಇದೆ.

ಆದುದರಿಂದ ನಾವು ಹುಡುಕಬೇಕಾಗಿರುವುದು ಎಂಥ ಊಟ? ತಾಯಿ ನಸುಕಿನಲ್ಲಿ ಮಾಡಿಟ್ಟು ಹೋಗಬಹುದಾದ, 40 ಡಿಗ್ರಿ ಬಿಸಿಲಿನ ದಿನ ಶೀತಕಪೆಟ್ಟಿಗೆಯಿಲ್ಲದೆ ಮಧ್ಯಾಹ್ನದವರೆಗೆ ಕೆಡದ, ಮಗು ಬೆಂಕಿಯ ಹತ್ತಿರ ಹೋಗದೆ ತಾನೇ ತೆಗೆದುಕೊಂಡು ಉಣ್ಣಬಲ್ಲ ಊಟ. ಅದು ಮಗುವಿಗೆ ರುಚಿಸಲೂ ಬೇಕು; ರುಚಿಸದಿದ್ದರೆ ಚಿಪ್ಸ್ ಗೆಲ್ಲುತ್ತದೆ.

ಮೊದಲು ಅನ್ನದ ವಿಷಯ, ಏಕೆಂದರೆ ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕಾಂಕ್ರೀಟ್ ಕಾಮಗಾರಿ ನೋಡಿದ ಸದಸ್ಯರಿಗೆ ಗೊತ್ತು: ಸಿಮೆಂಟಿಗೆ ನೀರು ಬೆರೆಸಿದ ಕ್ಷಣದಿಂದ ಗಡಿಯಾರ ಓಡಲಾರಂಭಿಸುತ್ತದೆ, ಅದು ಬಿಗಿಯುವ ಮೊದಲು ಸುರಿದು ಮುಗಿಸಬೇಕು. ಅನ್ನಕ್ಕೂ ಅಂಥದೇ ಒಂದು ಗಡುವಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಸಾಮಾನ್ಯವಾಗಿ ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದಷ್ಟು ಹೊತ್ತು ಅವು ಮೊಳೆತು ವೃದ್ಧಿಯಾಗಿ ವಿಷ ಉಂಟುಮಾಡುತ್ತವೆ. ಆ ವಿಷ ಉಂಟಾದ ಮೇಲೆ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಈ ಮಾತನ್ನು ದಯವಿಟ್ಟು ಎಲ್ಲ ತಾಯಂದಿರಿಗೂ ತಿಳಿಸಿ. ಬಿಸಿ ಅನ್ನವನ್ನು ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಬಿಗಿದರೆ ಡಬ್ಬಿಯೊಳಗೆ ಅದು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಸೂಕ್ಷ್ಮಾಣುವಿಗೆ ಬೇಕಾದುದೂ ಅದೇ. ವಾಸನೆಯಿಂದ ಪತ್ತೆ ಹಚ್ಚುತ್ತೇವೆ ಎಂದುಕೊಳ್ಳುವುದೂ ತಪ್ಪು. ನಮ್ಮ ಶಿಬಿರದ ಆ ಪಲಾವ್‌ನಲ್ಲಿ ವಾಸನೆ ಇರಲಿಲ್ಲವೆಂದು ಜೊತೆಯ ಮಕ್ಕಳು ಹೇಳಿದರು.

ಹಾಗಾದರೆ ಅನ್ನವನ್ನೇ ಬಿಡಬೇಕೆ? ಬೇಡ. ಅಗಲವಾದ ತಟ್ಟೆಯಲ್ಲಿ ಹರವಿ, ತೆಳ್ಳನೆಯ ಬಟ್ಟೆ ಮುಚ್ಚಿ ಬೇಗ ಆರಿಸಬೇಕು. ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಹುಳಿ ಬೆರೆತ ಅನ್ನವಾದರೆ ಉತ್ತಮ, ಏಕೆಂದರೆ ಹುಳಿಯಲ್ಲಿ ಈ ಸೂಕ್ಷ್ಮಾಣುಗಳು ಸುಲಭವಾಗಿ ಬೆಳೆಯವು. ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಹುಣಸೆ ಗೊಜ್ಜಿನ ಅನ್ನವನ್ನೂ ಮೊಸರನ್ನವನ್ನೂ ಕಟ್ಟಿಕೊಂಡು ಹೋಗುತ್ತಿದ್ದುದು ಸುಮ್ಮನೆಯಲ್ಲ. ಮೊಸರನ್ನಕ್ಕೆ ಒಂದು ಹಳೆಯ ಉಪಾಯವಿದೆ: ಮೆತ್ತಗೆ ಬೇಯಿಸಿ ಆರಿಸಿದ ಅನ್ನವನ್ನು ಹಿಸುಕಿ, ಕಾಯಿಸಿ ಆರಿಸಿದ ಹಾಲು ಬೆರೆಸಿ, ಎರಡು ಚಮಚ ಮೊಸರನ್ನು ಹೆಪ್ಪಿನಂತೆ ಕಲಸಿಡುವುದು. ಹನ್ನೊಂದು ಗಂಟೆಯ ಹೊತ್ತಿಗೆ ಅದು ತಾನೇ ಹದವಾದ ಮೊಸರನ್ನವಾಗಿರುತ್ತದೆ, ಅತಿಯಾಗಿ ಹುಳಿಯಾಗಿರುವುದೂ ಇಲ್ಲ. ಆಲೂಗಡ್ಡೆ, ಹಸಿ ಕೊಬ್ಬರಿ, ಬೇಯಿಸಿದ ತರಕಾರಿ, ಸಾರು ಬೆರೆತ ಅನ್ನ ಇವು ಬೇಸಿಗೆಯ ಡಬ್ಬಿಗೆ ಸಲ್ಲವು. ಅವು ರಾತ್ರಿಯ ಊಟಕ್ಕಿರಲಿ.

ಆದರೆ ಅನ್ನಕ್ಕಿಂತ ಉತ್ತಮವಾದುದು ನಮ್ಮ ಮನೆಗಳಲ್ಲಿ ಬುಟ್ಟಿಯಲ್ಲಿಯೇ ಇದೆ. ಜೋಳದ ಕಡಕ್ ರೊಟ್ಟಿಯಲ್ಲಿ ನೀರಿನ ಅಂಶವೇ ಇಲ್ಲದಷ್ಟು ಕಡಿಮೆ. ನೀರಿಲ್ಲದ ಕಡೆ ಸೂಕ್ಷ್ಮಾಣು ಬೆಳೆಯದು. ಒಣಗಿಸಿಟ್ಟ ರೊಟ್ಟಿ ವಾರಗಟ್ಟಲೆ ಉಳಿಯುತ್ತದೆ. ಇದರ ಲೆಕ್ಕವನ್ನೂ ನೋಡೋಣ. ನಲವತ್ತು ಗ್ರಾಂ ಹಿಟ್ಟಿನ ಎರಡು ಚಿಕ್ಕ ರೊಟ್ಟಿಗಳಿಂದ ಸುಮಾರು 280 ಕಿಲೋ ಕ್ಯಾಲೊರಿ, 8 ಗ್ರಾಂ ಪ್ರೋಟೀನ್. ಇಪ್ಪತ್ತು ಗ್ರಾಂ ಶೇಂಗಾ ಹಿಂಡಿಯಿಂದ ಸುಮಾರು 110 ಕಿಲೋ ಕ್ಯಾಲೊರಿ, 5 ಗ್ರಾಂ ಪ್ರೋಟೀನ್. ನೂರು ಗ್ರಾಂ ಮೊಸರಿನಿಂದ ಸುಮಾರು 60 ಕಿಲೋ ಕ್ಯಾಲೊರಿ, 3 ಗ್ರಾಂ ಪ್ರೋಟೀನ್. ಒಟ್ಟು 450 ಕಿಲೋ ಕ್ಯಾಲೊರಿ, 16 ಗ್ರಾಂ ಪ್ರೋಟೀನ್. ಬಿಸಿಯೂಟಕ್ಕೆ ಸರ್ಕಾರ ನಿಗದಿಪಡಿಸಿದ ಪ್ರಮಾಣಕ್ಕೆ ಇದು ಸರಿಸಮ. ಪ್ರೋಟೀನಿನಲ್ಲಿ ಅದಕ್ಕಿಂತ ಮೇಲು. ಜೊತೆಗೆ ಒಂದು ಎಳೆ ಸವತೆಕಾಯಿ ಅಥವಾ ಗಜ್ಜರಿ ಇಟ್ಟರೆ ತರಕಾರಿಯ ಭಾಗವೂ ಬಂದಂತಾಯಿತು. ಈ ಲೆಕ್ಕವನ್ನು ಮೊದಲ ಬಾರಿ ಮಾಡಿದಾಗ ನನಗೇ ಆಶ್ಚರ್ಯವಾಗಿ ಇನ್ನೊಮ್ಮೆ ಕೂಡಿ ನೋಡಿದೆ.

ಇಲ್ಲಿ ತಾಯಂದಿರ ಆಕ್ಷೇಪವೊಂದಿದೆ, ಅದು ಸರಿಯಾದುದೇ: ಚಿಕ್ಕ ಮಕ್ಕಳಿಗೆ ಕಡಕ್ ರೊಟ್ಟಿ ಅಗಿಯಲಾಗುವುದಿಲ್ಲ, ಹಿಂಡಿ ಖಾರ. ಅದಕ್ಕೂ ದಾರಿಯಿದೆ. ಮಕ್ಕಳಿಗೆಂದೇ ಒಣಮೆಣಸಿನಕಾಯಿ ಹಾಕದೆ ಶೇಂಗಾ, ಜೀರಿಗೆ, ಉಪ್ಪು, ಸ್ವಲ್ಪ ಬೆಲ್ಲ ಸೇರಿಸಿ ಒಂದು ಪ್ರತ್ಯೇಕ ಡಬ್ಬಿ ಹಿಂಡಿ ಕುಟ್ಟಿಡಬಹುದು. ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ಹತ್ತು ನಿಮಿಷ ನೆನೆಸಿದರೆ ನಾಲ್ಕು ವರ್ಷದ ಮಗುವೂ ಉಣ್ಣುತ್ತದೆ. ಇನ್ನೊಂದು ಮುಟಗಿ. ಬೆಳಿಗ್ಗೆ ದಪ್ಪನೆಯ ರೊಟ್ಟಿ ಬಡಿದು, ಬಿಸಿಯಿರುವಾಗಲೇ ಬೆಲ್ಲ ತುಪ್ಪ ಸೇರಿಸಿ ಒರಳಿನಲ್ಲಿ ಕುಟ್ಟಿ ಮುಷ್ಟಿಯಲ್ಲಿ ಉಂಡೆ ಕಟ್ಟುವುದು. ದೊಡ್ಡವರಿಗೆ ಬೆಳ್ಳುಳ್ಳಿ ಖಾರ, ಮಕ್ಕಳಿಗೆ ಬೆಲ್ಲ. ಕೈಗೆ ಒಂದು ಉಂಡೆ ಕೊಟ್ಟರೆ ಆಡುತ್ತಲೇ ತಿಂದು ಮುಗಿಸುತ್ತಾರೆ. ನಮ್ಮ ಶಿಬಿರದ ಎರಡನೆಯ ವಾರದಲ್ಲಿ ಮಕ್ಕಳು ಪರಸ್ಪರ ಬದಲಾಯಿಸಿಕೊಂಡು ತಿಂದ ತಿನಿಸು ಇದೊಂದೇ.

ಬೆಂಕಿಯಿಲ್ಲದೆ ಮಕ್ಕಳೇ ಕಲಸಿಕೊಳ್ಳಬಹುದಾದವುಗಳಲ್ಲಿ ಅವಲಕ್ಕಿಗೆ ಮೊದಲ ಸ್ಥಾನ. ತೆಳು ಅವಲಕ್ಕಿಯನ್ನು ತೊಳೆದು ಹಿಂಡಿ, ಮೊಸರು ಉಪ್ಪು, ಇಲ್ಲವೇ ಹಾಲು ಬೆಲ್ಲ ಬೆರೆಸಿದರೆ ಐದು ನಿಮಿಷದಲ್ಲಿ ಊಟ. ಬಾಳೆಹಣ್ಣು ಹಿಸುಕಿ ಸೇರಿಸಿದರೆ ಮಕ್ಕಳು ಬೇಡವೆನ್ನುವುದು ಅಪರೂಪ. ಚುರುಮುರಿಗೆ ಪುಟಾಣಿ ಹಿಟ್ಟು, ಶೇಂಗಾ, ಲಿಂಬೆರಸ ಹಾಕಿ ಕಲಸುವುದು ಒಂಬತ್ತು ವರ್ಷದ ಬಾಲಕಿಗೆ ಕಷ್ಟವಲ್ಲ. ಚುರುಮುರಿ ಹಗುರ, ಹೊಟ್ಟೆ ತುಂಬಿಸುವುದು ಪುಟಾಣಿಯೇ, ಆದುದರಿಂದ ಅದರಲ್ಲಿ ಜಿಪುಣತನ ಬೇಡ. ನಾಗರ ಪಂಚಮಿಗೆ ಮಾಡುವ ಅಳ್ಳಿಟ್ಟನ್ನು ಹಬ್ಬಕ್ಕೆ ಮಾತ್ರ ಮೀಸಲಿಡಬೇಕೆಂಬ ನಿಯಮವೇನೂ ಇಲ್ಲ. ಜೋಳದ ಅರಳನ್ನು ಬೀಸಿ ಮಾಡಿದ ಆ ಹಿಟ್ಟು ಆಗಲೇ ಹುರಿದು ಸಿದ್ಧವಾದುದು. ಬೆಲ್ಲದ ನೀರಿನಲ್ಲಿ ಅಥವಾ ಮಜ್ಜಿಗೆಯಲ್ಲಿ ಕಲಸಿದರೆ ಸಾಕು.

ನುಚ್ಚು ಮಜ್ಜಿಗೆಯ ವಿಷಯ ಹೇಳುವಾಗ ನನಗೆ ಸ್ವಲ್ಪ ಸಂಕೋಚ. ಅದನ್ನು ಬಡವರ ಊಟವೆಂದು ನಮ್ಮಲ್ಲಿ ಬಿಟ್ಟುಕೊಡುತ್ತಿದ್ದಾರೆ. ನೂಡಲ್ಸ್ ಕುದಿಸುವ ಮನೆಯಲ್ಲಿ ನುಚ್ಚು ಎಂದರೆ ಮಕ್ಕಳೇ ಮುಖ ಸಿಂಡರಿಸುತ್ತಾರೆ. ಆದರೆ ಬೇಸಿಗೆಗೆ ಇಷ್ಟು ಹೊಂದುವ ಊಟ ಇನ್ನೊಂದಿಲ್ಲ. ಜೋಳದ ನುಚ್ಚನ್ನು ನಸುಕಿನಲ್ಲಿ ಬೇಯಿಸಿ, ಹರವಿ ಆರಿಸಿ, ಹುಳಿ ಮಜ್ಜಿಗೆ ಉಪ್ಪು ಬೆರೆಸಿ ಮಣ್ಣಿನ ಗಡಿಗೆಯಲ್ಲಿ ಇಟ್ಟರೆ ತಂಪೂ ಹೌದು, ಕೆಡುವ ಭಯವೂ ಕಡಿಮೆ. ನಾವು ಶಿಬಿರದಲ್ಲಿ ಅದಕ್ಕೆ ಸಣ್ಣಗೆ ಹೆಚ್ಚಿದ ಮಾವಿನಕಾಯಿ ಸೇರಿಸಿದೆವು. ಮುಖ ಸಿಂಡರಿಸಿದವರಲ್ಲಿ ಅರ್ಧದಷ್ಟು ಮಕ್ಕಳು ಎರಡನೆಯ ಬಾರಿ ಲೋಟ ಚಾಚಿದರು. ಉಳಿದ ಅರ್ಧ ಚಾಚಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಮೊಟ್ಟೆ ತಿನ್ನುವ ಮನೆಗಳಲ್ಲಿ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸುಲಿಯದೆ, ಒಡಕಿಲ್ಲದೆ ಇಡಬೇಕು. ಹನ್ನೊಂದು ಗಂಟೆಯೊಳಗೆ ತಿನ್ನಬೇಕು. ಹೆಸರುಕಾಳು, ಮಡಕಿಕಾಳುಗಳನ್ನು ಮೊಳಕೆ ಬರಿಸಿದರೂ ಚಿಕ್ಕ ಮಕ್ಕಳಿಗೆ ಹಸಿಯಾಗಿ ಕೊಡದೆ ಬೇಯಿಸಿಯೇ ಕೊಡಬೇಕು; ಬೇಯಿಸಿದ ಕಾಳು ಬೆಳಗಿನ ಉಪಾಹಾರಕ್ಕೆ ಸರಿ, ಮಧ್ಯಾಹ್ನಕ್ಕೆ ಉಳಿಸುವುದು ಬೇಡ.

ಎರಡು ಅಪಾಯಗಳನ್ನು ಪ್ರತ್ಯೇಕವಾಗಿ ಹೇಳಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಇಡೀ ಪುಟಾಣಿ ಕೊಡಬಾರದು. ಆಡುತ್ತಾ ನಗುತ್ತಾ ತಿನ್ನುವಾಗ ಕಾಳು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದು. ಅಲ್ಲಿ ನೋಡಿಕೊಳ್ಳುವವಳು ಒಂಬತ್ತು ವರ್ಷದ ಅಕ್ಕ ಎಂಬುದನ್ನು ಮರೆಯಬಾರದು. ಹಿಂಡಿಯ ರೂಪದಲ್ಲಿ, ಉಂಡೆಯ ರೂಪದಲ್ಲಿ ಪುಡಿ ಮಾಡಿಯೇ ಕೊಡಬೇಕು. ಎರಡನೆಯದು ಗ್ಯಾಸ್. ಮಕ್ಕಳಷ್ಟೇ ಮನೆಯಲ್ಲಿ ಉಳಿಯುವುದಾದರೆ ಹೊರಡುವ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಬೇಕು, ಬೆಂಕಿಪೊಟ್ಟಣ ಮತ್ತು ಲೈಟರ್ ಎತ್ತರದಲ್ಲಿಡಬೇಕು. ಬೆಂಕಿ ಬೇಡದ ಊಟವೊಂದು ಕಣ್ಣೆದುರು ಸಿದ್ಧವಿದ್ದರೆ ಮಗು ಒಲೆಯ ಕಡೆ ಹೋಗುವ ಸಂಭವವೇ ಕಡಿಮೆಯಾಗುತ್ತದೆ. ಈ ಎಲ್ಲ ಪಟ್ಟಿಯನ್ನು ನಾನು ಹೇಳುತ್ತಿರುವುದಕ್ಕೆ ಮುಖ್ಯ ಕಾರಣ ರುಚಿಯಲ್ಲ, ಇದು.

ಒಂದು ವೇಳೆ ವಾಂತಿ ಭೇದಿ ಆರಂಭವಾದರೆ ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯರ ಬಳಿ ದೊರೆಯುತ್ತದೆ. ಅದು ಕೈಗೆ ಬರುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪಿನ ಪ್ರಮಾಣ ಹೆಚ್ಚಾಗಬಾರದು. ಮಗು ಮಂಕಾಗಿದ್ದರೆ ಅಥವಾ ಕುಡಿದುದು ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇದರಲ್ಲಿ ಪಂಚಾಯತಿಯ ಪಾತ್ರವೇನು ಎಂದು ನೀವು ಕೇಳಬಹುದು. ಪಂಚಾಯತಿ ಬಿಸಿಯೂಟವನ್ನು ಬದಲಿಗೆ ನಡೆಸಲಾಗದು. ಅದಕ್ಕೆ ಬೇಕಾದ ಅನುದಾನವಾಗಲಿ ಸಿಬ್ಬಂದಿಯಾಗಲಿ ನಮ್ಮಲ್ಲಿಲ್ಲ. ಅಂಥ ಭರವಸೆಯನ್ನು ಯಾರೂ ಓಣಿಯಲ್ಲಿ ನಿಂತು ನೀಡಬಾರದೆಂದು ಕೋರುತ್ತೇನೆ. ಆದರೆ ಆ ಶಿಬಿರದ ಉಳಿದ ದಿನಗಳಲ್ಲಿ ನಾವು ಮಾಡಿದ್ದು ಇಷ್ಟು. ವೇಳಾಪಟ್ಟಿ ಬದಲಾಯಿಸಿ ಹನ್ನೊಂದು ಗಂಟೆಗೆ ಊಟದ ಬಿಡುವು ಇಟ್ಟೆವು. ಶಿಬಿರವನ್ನು ಹನ್ನೆರಡೂವರೆಗೆ ಮುಗಿಸಿದೆವು. ಬೆಳಿಗ್ಗೆ ಆರಕ್ಕೆ ತುಂಬಿದ ಡಬ್ಬಿ ಏಳೂವರೆ ಗಂಟೆ ಕಾಯುವುದಕ್ಕೂ ಐದು ಗಂಟೆ ಕಾಯುವುದಕ್ಕೂ ಬಹಳ ವ್ಯತ್ಯಾಸವಿದೆ, ಮತ್ತು ಈ ಬದಲಾವಣೆಗೆ ಒಂದು ಪೈಸೆಯೂ ಖರ್ಚಿಲ್ಲ. ಬಂದ ಕೂಡಲೇ ಡಬ್ಬಿಗಳನ್ನು ಕಿಟಕಿಯ ಬಿಸಿಲಿನಿಂದ ತೆಗೆದು ಗ್ರಂಥಾಲಯದ ಒಳಗೋಡೆಯ ಪಕ್ಕ ನೆರಳಿನಲ್ಲಿ ಇಡಿಸಿದೆವು. ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಕ್ಯಾನ್ ನೀರು ತಂದು ಮಣ್ಣಿನ ಗಡಿಗೆಗೆ ತುಂಬಿಸಿದೆವು. ಸಾಬೂನು ಇಟ್ಟೆವು.

ಜೊತೆಗೆ ಮಜ್ಜಿಗೆ. ನಲವತ್ತು ಮಕ್ಕಳಿಗೆ ತಲಾ 200 ಮಿಲಿಲೀಟರ್ ಎಂದರೆ ಎಂಟು ಲೀಟರ್ ಮಜ್ಜಿಗೆ. ಅದಕ್ಕೆ ಎರಡು ಲೀಟರ್ ಮೊಸರು ಸಾಕು. ದಿನಕ್ಕೆ ನೂರು ರೂಪಾಯಿಯ ಆಸುಪಾಸು. ಸಾಮಾನ್ಯ ಸಭೆಯಲ್ಲಿ ಠರಾವು ಪಾಸು ಮಾಡಿ ಸ್ವಂತ ನಿಧಿಯಿಂದ ಭರಿಸಿದೆವು. ಕೊನೆಯ ವಾರದಲ್ಲಿ ಇಬ್ಬರು ಸದಸ್ಯರು ತಮ್ಮ ಮನೆಯ ಎಮ್ಮೆಯ ಮೊಸರು ತಂದುಕೊಟ್ಟರು; ಅದರ ಮಜ್ಜಿಗೆಗೆ ಬೇಡಿಕೆ ಹೆಚ್ಚಿತ್ತೆಂದು ದಾಖಲಿಸಲು ಸಂತೋಷವಾಗುತ್ತದೆ.

ಅದೇ ಎರಡನೆಯ ವಾರದಲ್ಲಿ ಸಂಜೀವಿನಿ ಒಕ್ಕೂಟದ ಸಹೋದರಿಯರಿಗೆ ಖಾರವಿಲ್ಲದ ಹಿಂಡಿ, ಶೇಂಗಾ ಉಂಡಿ, ಚಿಕ್ಕ ಅಳತೆಯ ರೊಟ್ಟಿ ತಯಾರಿಸಲು ತಿಳಿಸಿದೆವು. ರೊಟ್ಟಿ ಬಡಿಯಲು ಸಮಯವಿಲ್ಲದ ತಾಯಂದಿರು ಅವರಿಂದಲೇ ಕೊಂಡರು. ಗುಳೆ ಹೋದವರ ಮಕ್ಕಳಿರುವ ಮನೆಗಳಿಗೆ ವಾರಕ್ಕೊಮ್ಮೆ ಒಂದು ಕಟ್ಟು ರೊಟ್ಟಿ ಮತ್ತು ಹಿಂಡಿಯ ಡಬ್ಬಿಯನ್ನು ಒಕ್ಕೂಟದವರೇ ತಲುಪಿಸಿದರು; ಹಣವನ್ನು ಕೆಲವರು ಊರಿಗೆ ಮರಳಿದ ಮೇಲೆ ಕೊಟ್ಟರು, ಒಂದೆರಡು ಮನೆಯವರು ಇನ್ನೂ ಕೊಟ್ಟಿಲ್ಲ. ಒಕ್ಕೂಟದವರು ಅದನ್ನು ನನಗೆ ಆಗಾಗ ನೆನಪಿಸುತ್ತಾರೆ.

ಒಂದು ಸೂಕ್ಷ್ಮ ವಿಷಯ. ಶಾಲೆಯಲ್ಲಿ ಎಲ್ಲ ಓಣಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ರಜೆ ಬಂದ ಕೂಡಲೇ ಅದೇ ಮಕ್ಕಳು ತಮ್ಮ ತಮ್ಮ ಓಣಿಗೆ ಹಂಚಿಹೋಗುತ್ತಾರೆ. ಅರಿವು ಕೇಂದ್ರದ ಜಮಖಾನೆಯ ಮೇಲೆ ಡಬ್ಬಿ ಬಿಚ್ಚುವ ಮೊದಲ ದಿನ ಕೆಲವು ಮಕ್ಕಳು ದೂರ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಅಂದು ನಮ್ಮ ಅಧ್ಯಕ್ಷರು ತಾವೇ ಹೋಗಿ ಆ ಮಕ್ಕಳ ಪಕ್ಕ ಕುಳಿತು ಅವರ ಡಬ್ಬಿಯ ರೊಟ್ಟಿ ಮುರಿದು ತಿಂದರು, ಮತ್ತೆ ಅವರನ್ನು ಕರೆದುಕೊಂಡು ವೃತ್ತಕ್ಕೆ ಬಂದರು. ಇದನ್ನು ಸುತ್ತೋಲೆಯಿಂದ ಮಾಡಿಸಲಾಗದು. ಚುನಾಯಿತ ಸದಸ್ಯರು ಅಲ್ಲಿ ಇದ್ದರೆ ಆಗುತ್ತದೆ.

2020ರ ಕೊನೆಯಲ್ಲಿ ಚುನಾಯಿತರಾದ ತಮಗೆ ಈ ಅವಧಿಯಲ್ಲಿ ಉಳಿದಿರುವುದು ಇದೊಂದೇ ಬೇಸಿಗೆ. ಏಪ್ರಿಲ್ 11ಕ್ಕೆ ಮೊದಲು ಪ್ರತಿ ಸದಸ್ಯರೂ ತಮ್ಮ ವಾರ್ಡಿನಲ್ಲಿ ಹಗಲು ಹೊತ್ತು ದೊಡ್ಡವರಿಲ್ಲದೆ ಮಕ್ಕಳಷ್ಟೇ ಉಳಿಯುವ ಮನೆಗಳನ್ನು, ಅಜ್ಜ ಅಜ್ಜಿಯರ ಬಳಿ ಬಿಟ್ಟ ಮಕ್ಕಳಿರುವ ಮನೆಗಳನ್ನು ಗುರುತಿಸಿ ಪಟ್ಟಿ ಕೊಟ್ಟರೆ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರೊಡನೆ ಸೇರಿ ಮುಂದಿನ ಕೆಲಸವನ್ನು ನಾವು ಅಧಿಕಾರಿಗಳು ಮಾಡುತ್ತೇವೆ. ಪಟ್ಟಿಗೆ ನಮೂನೆ ಬೇಕಿಲ್ಲ. ನೋಟ್ ಪುಸ್ತಕದ ಹಾಳೆಯಲ್ಲಿ ಮನೆಯ ಗುರುತು, ಮಕ್ಕಳ ವಯಸ್ಸು, ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಬರೆದರೆ ಸಾಕು. ಶಿಬಿರದ ದಿನಾಂಕ ನಿಗದಿಪಡಿಸುವ ಸಭೆಯಲ್ಲಿ ಊಟದ ಸಮಯ ಯಾವುದು ಎಂದು ಯಾರಾದರೊಬ್ಬರು ಕೇಳಿ. ನಮ್ಮಂಥ ಎಂಜಿನಿಯರುಗಳು ಅದನ್ನು ಮರೆಯುವ ಸಾಧ್ಯತೆ ಉಂಟು.

ಹೊರಗಿನ ಪಡಸಾಲೆಯಲ್ಲಿ ಒಕ್ಕೂಟದ ಸಹೋದರಿಯರು ಬೆಲ್ಲದ ಮುಟಗಿ, ಹೆಪ್ಪು ಹಾಕಿದ ಮೊಸರನ್ನ, ಹುಣಸೆ ಗೊಜ್ಜಿನ ಅನ್ನ, ಖಾರವಿಲ್ಲದ ಹಿಂಡಿಯೊಡನೆ ರೊಟ್ಟಿ ಇಟ್ಟಿದ್ದಾರೆ. ಎಲ್ಲವೂ ಇಂದು ಬೆಳಿಗ್ಗೆ ಆರು ಗಂಟೆಗೆ ಮಾಡಿದವು. ಈಗ ಹನ್ನೊಂದು ಗಂಟೆ. ದಯವಿಟ್ಟು ತಿಂದು ನೋಡಿ, ಯಾವುದು ನಿಮ್ಮ ವಾರ್ಡಿನ ಮಕ್ಕಳಿಗೆ ಹಿಡಿಸುವುದಿಲ್ಲ ಎಂಬುದನ್ನು ನನಗೆ ತಿಳಿಸಿ.